ಗ್ರಂಥಿ ಜ್ವರ: ಜ್ವರ ಬಿಟ್ಟರೂ ಆಯಾಸ ಬಿಡದ ಕಾಯಿಲೆ

ಈ ವರ್ಷ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ನಾನು ಒಟ್ಟು 27 ದಿನ ಕಾಲೇಜಿಗೆ ಬರಲಿಲ್ಲ. ತಿರುಗಿ ಬಂದಾಗ ಎಲ್ಲರೂ ಕೇಳಿದ್ದು ಒಂದೇ: "ಡೆಂಗಿನಾ? ಟೈಫಾಯ್ಡಾ?" ಎರಡೂ ಅಲ್ಲ, ಗ್ಲ್ಯಾಂಡ್ಯುಲರ್ ಫೀವರ್ ಎಂದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನನಗೂ ಅದು ಬರುವವರೆಗೆ ಅಂಥದ್ದೊಂದು ಇದೆ ಎಂದು ಗೊತ್ತಿರಲಿಲ್ಲ. ನಮ್ಮ ಕನ್ನಡ ಮೇಡಂ, "ಎಲ್ಲರಿಗೂ ಒಂದೊಂದು ಸಲ ಹೇಳುವ ಬದಲು ಬರೆದುಕೊಡು" ಎಂದರು. ನಾನು ಕಾಮರ್ಸ್ ಓದುವವಳು, ಡಾಕ್ಟರ್ ಅಲ್ಲ. ಡಾಕ್ಟರ್ ಹೇಳಿ ತಿಳಿದದ್ದು, ಆಮೇಲೆ ಓದಿ ತಿಳಿದದ್ದು, ಅನುಭವಿಸಿ ತಿಳಿದದ್ದು, ಈ ಮೂರನ್ನೂ ಸೇರಿಸಿ ಬರೆದಿದ್ದೇನೆ.

ಏನಿದು ಗ್ರಂಥಿ ಜ್ವರ?

ಇದು ಎಪ್‌ಸ್ಟೈನ್-ಬಾರ್ ಎಂಬ ವೈರಸ್‌ನಿಂದ ಬರುವ ಜ್ವರ. ಈ ವೈರಸ್ಸನ್ನು ಚಿಕ್ಕದಾಗಿ ಇಬಿವಿ ಎನ್ನುತ್ತಾರೆ. ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ತರುವ ವೈರಸ್ ಕೂಡ ಇದೇ ಕುಟುಂಬದ್ದು. ಜ್ವರ, ಗಂಟಲು ನೋವು, ಕುತ್ತಿಗೆಯಲ್ಲಿ ಊದಿಕೊಂಡ ಗಂಟುಗಳು ಮತ್ತು ವಿಪರೀತ ಆಯಾಸ ಇದರ ನಾಲ್ಕು ಮುಖ್ಯ ಲಕ್ಷಣಗಳು. ಕುತ್ತಿಗೆಯ ಗಂಟುಗಳೆಂದರೆ ದುಗ್ಧಗ್ರಂಥಿಗಳು. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಸೇರುವ ಜಾಗ ಅವು.

ಇದರ ವಿಚಿತ್ರವೆಂದರೆ, ಜಗತ್ತಿನ ದೊಡ್ಡವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನರ ದೇಹದಲ್ಲಿ ಈ ವೈರಸ್ ಇದೆ. ಈ ಪುಟ ಓದುತ್ತಿರುವ ನಿಮ್ಮಲ್ಲೂ ಬಹುಪಾಲು ಜನರಲ್ಲಿ ಇರಬಹುದು. ಚಿಕ್ಕ ಮಗುವಿದ್ದಾಗ ಬಂದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ, ಹೆಚ್ಚೆಂದರೆ ಎರಡು ದಿನದ ನೆಗಡಿಯ ಹಾಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಹಾಗೆಯೇ ಬಾಲ್ಯದಲ್ಲಿ ಬಂದು ಹೋಗಿರುತ್ತದೆ. ಅದಕ್ಕೇ ಇದರ ಹೆಸರು ಇಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಬಾಲ್ಯದಲ್ಲಿ ತಪ್ಪಿಸಿಕೊಂಡವರಿಗೆ ಹದಿನೈದರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ತಗುಲಿದರೆ ಜ್ವರ ಜೋರಾಗಿ ಬರುವ ಸಾಧ್ಯತೆ ಹೆಚ್ಚು. ಆ ವಯಸ್ಸಿನಲ್ಲಿ ನಮ್ಮ ರೋಗನಿರೋಧಕ ಶಕ್ತಿಯೇ ಅತಿಯಾಗಿ ಹೋರಾಡುತ್ತದೆ. ಗಂಟು, ಜ್ವರ, ಸುಸ್ತು ಇವುಗಳಲ್ಲಿ ಬಹಳಷ್ಟು ಆ ಹೋರಾಟದಿಂದ ಬರುವಂಥವು.

ಹೆಸರುಗಳು ಬಂದ ದಾರಿ

1889ರಲ್ಲಿ ಜರ್ಮನಿಯ ಎಮಿಲ್ ಫೈಫರ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿ 'ಗ್ರಂಥಿ ಜ್ವರ' ಎಂಬ ಅರ್ಥದ ಹೆಸರಿಟ್ಟರು. 1920ರಲ್ಲಿ ಅಮೆರಿಕದ ಸ್ಪ್ರಂಟ್ ಮತ್ತು ಇವಾನ್ಸ್ ಎಂಬುವರು ರೋಗಿಗಳ ರಕ್ತದಲ್ಲಿ ವಿಚಿತ್ರ ಆಕಾರದ ಬಿಳಿಕಣಗಳು ಹೆಚ್ಚಿರುವುದನ್ನು ನೋಡಿ 'ಇನ್‌ಫೆಕ್ಷಿಯಸ್ ಮಾನೊನ್ಯೂಕ್ಲಿಯೋಸಿಸ್' ಎಂದರು. ಲ್ಯಾಬ್ ರಿಪೋರ್ಟ್‌ಗಳಲ್ಲಿ ಈಗಲೂ ಈ ಹೆಸರೇ ಇರುತ್ತದೆ, ಚಿಕ್ಕದಾಗಿ 'ಮಾನೊ'.

ಆದರೆ ಕಾರಣ ಯಾವುದೆಂದು ಗೊತ್ತಿರಲಿಲ್ಲ. 1964ರಲ್ಲಿ ಲಂಡನ್ನಿನಲ್ಲಿ ಆಂಟನಿ ಎಪ್‌ಸ್ಟೈನ್, ಬರ್ಟ್ ಅಚಾಂಗ್ ಮತ್ತು ಇವಾನ್ ಬಾರ್ ಎಂಬ ಮೂವರು ಉಗಾಂಡಾದಿಂದ ಬಂದ, ಮಕ್ಕಳ ಒಂದು ಬಗೆಯ ಕ್ಯಾನ್ಸರ್ ಗೆಡ್ಡೆಯ ಜೀವಕೋಶಗಳಲ್ಲಿ ಹೊಸ ವೈರಸ್ ಒಂದನ್ನು ಕಂಡರು. ಅದಕ್ಕೂ ಈ ಜ್ವರಕ್ಕೂ ಸಂಬಂಧವಿದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೆನ್ಲೆ ದಂಪತಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ತರುಣಿಗೆ ಮಾನೊ ಬಂತು. ಕಾಯಿಲೆಗೆ ಮುಂಚೆ ಆಕೆಯ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಇರಲಿಲ್ಲ, ಕಾಯಿಲೆಯ ನಂತರ ಇದ್ದವು. 1968ರಲ್ಲಿ ಆ ದಂಪತಿ ಇದನ್ನು ಪ್ರಕಟಿಸಿದ ಮೇಲೆ ಗ್ರಂಥಿ ಜ್ವರದ ಕಾರಣ ಸ್ಪಷ್ಟವಾಯಿತು.

ಪತ್ತೆಯಾದ ಬಗೆ

ನಮ್ಮ ಊರಿನಲ್ಲಿ ಮಳೆಗಾಲದಲ್ಲಿ ಜ್ವರ ಬಂದರೆ ಮೊದಲ ಅನುಮಾನ ಡೆಂಗಿ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲಂತೂ ಮನೆಮನೆಯಲ್ಲೂ ಪ್ಲೇಟ್‌ಲೆಟ್ ಮಾತು. ನನಗೆ ಜುಲೈ ಮೂರನೇ ವಾರ ಗಂಟಲು ನೋವಿನಿಂದ ಶುರುವಾಗಿ, ಮೂರನೇ ದಿನಕ್ಕೆ ಜ್ವರ 103ಕ್ಕೆ ಏರಿತು. ಉಗುಳು ನುಂಗಲೂ ಆಗುತ್ತಿರಲಿಲ್ಲ. ಟಾನ್ಸಿಲ್ ಮೇಲೆ ಬಿಳಿ ಪೊರೆ, ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಊದಿರುತ್ತಿತ್ತು. ಡೆಂಗಿ ಟೆಸ್ಟ್ ಮಾಡಿಸಿದೆವು, ಇಲ್ಲವೆಂದು ಬಂತು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಟಾನ್ಸಿಲ್ ಸೋಂಕು ಎಂದು ಅಮಾಕ್ಸಿಸಿಲಿನ್ ಕೊಟ್ಟರು. ಗಂಟಲು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುವಂತಿತ್ತು. ಐದನೇ ದಿನ ಎದೆಯಿಂದ ಕೈವರೆಗೆ ಕೆಂಪು ದದ್ದು ಎದ್ದಿತು.

ಆಮೇಲೆ ತೋರಿಸಿದ ಡಾಕ್ಟರ್ ಮೇಡಂಗೆ ಆ ದದ್ದೇ ಸುಳಿವು ಕೊಟ್ಟಿತು. ಗ್ರಂಥಿ ಜ್ವರ ಇರುವಾಗ ಅಮಾಕ್ಸಿಸಿಲಿನ್, ಆಂಪಿಸಿಲಿನ್ ತೆಗೆದುಕೊಂಡರೆ ಹಲವರಿಗೆ ಹೀಗೆ ದದ್ದು ಏಳುತ್ತದಂತೆ. ಇದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುವ ಅಲರ್ಜಿ ಅಲ್ಲ, ಆದರೂ ಮುಂದೆ ಆ ಔಷಧಿ ಕೊಡುವ ಯಾವ ಡಾಕ್ಟರಿಗೂ ಇದನ್ನು ಹೇಳಬೇಕು ಎಂದರು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗೆ ಮಾತ್ರ. ವೈರಸ್ಸಿಗೆ ಅದು ಏನೂ ಮಾಡದು.

ಅವರು ಕುತ್ತಿಗೆಯ ಹಿಂಭಾಗ, ಕಂಕುಳು ಮುಟ್ಟಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ರಕ್ತಪರೀಕ್ಷೆ ಬರೆದರು. ರಿಪೋರ್ಟ್ ಓದುವುದು ಹೀಗೆ: ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಿಂಫೋಸೈಟ್ ಇದ್ದು, ಅವುಗಳಲ್ಲಿ ಆಕಾರ ಬದಲಾದವು ನೂರಕ್ಕೆ ಹತ್ತಕ್ಕಿಂತ ಹೆಚ್ಚಿದ್ದರೆ ಗ್ರಂಥಿ ಜ್ವರದ ಅನುಮಾನ ಬಲವಾಗುತ್ತದೆ. ನನಗೆ ಲಿಂಫೋಸೈಟ್ 62 ಇತ್ತು. ಮಾನೊಸ್ಪಾಟ್ ಎಂಬ ಸುಲಭ ಟೆಸ್ಟ್ ಇದೆ, ಆದರೆ ಮೊದಲ ವಾರದಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೂ ಇಲ್ಲವೆಂದು ತೋರಿಸಬಹುದು. ಖಚಿತ ಮಾಡಲು ಇಬಿವಿಯ ಐಜಿಎಂ, ಐಜಿಜಿ ಪ್ರತಿಕಾಯಗಳನ್ನು ನೋಡುತ್ತಾರೆ. ಲಿವರ್ ಪರೀಕ್ಷೆಯಲ್ಲೂ ಎಣಿಕೆ ಸ್ವಲ್ಪ ಏರುವುದು ಸಾಮಾನ್ಯ, ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ದಾದಿಮಾಳ ಭಯ

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದು ದಾದಿಮಾ. ಕುತ್ತಿಗೆಯಲ್ಲಿ ಗಂಟು ಕಂಡ ಕೂಡಲೇ "ಕಂಠಮಾಲಾ" ಎಂದು ಅಳಲು ಶುರು ಮಾಡಿದರು. ಕನ್ನಡದಲ್ಲಿ ಇದನ್ನೇ ಗಂಡಮಾಲೆ ಎನ್ನುತ್ತಾರೆ, ಅಂದರೆ ಕುತ್ತಿಗೆಯ ಗ್ರಂಥಿಗಳಿಗೆ ಬರುವ ಟಿಬಿ. ಹಿಂದಿನ ಕಾಲದಲ್ಲಿ ಆ ಹೆಸರು ಹೊತ್ತ ಹುಡುಗಿಗೆ ಗಂಡು ಸಿಗುತ್ತಿರಲಿಲ್ಲ ಎಂಬುದು ಅವರ ಚಿಂತೆ.

ಟಿಬಿ ಭಯ ಸುಮ್ಮನೆ ಹುಟ್ಟಿದ್ದಲ್ಲ, ನಮ್ಮ ದೇಶದಲ್ಲಿ ಕುತ್ತಿಗೆ ಗ್ರಂಥಿಯ ಟಿಬಿ ಸಾಕಷ್ಟು ಇದೆ. ಆದರೆ ವ್ಯತ್ಯಾಸವಿದೆ. ಗ್ರಂಥಿ ಜ್ವರದ ಗಂಟುಗಳು ಜ್ವರದ ಜೊತೆ ಬೇಗ ಊದುತ್ತವೆ, ಸಾಮಾನ್ಯವಾಗಿ ಎರಡೂ ಪಕ್ಕದಲ್ಲಿರುತ್ತವೆ, ಮುಟ್ಟಿದರೆ ನೋಯುತ್ತವೆ, ಕೆಲವು ವಾರಗಳಲ್ಲಿ ಕರಗುತ್ತವೆ. ಟಿಬಿ ಗಂಟು ಬಹುಮಟ್ಟಿಗೆ ನೋವಿಲ್ಲದೆ, ವಾರ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಕರಗದೆ ಉಳಿದರೆ ಅಥವಾ ಬೆಳೆಯುತ್ತಿದ್ದರೆ ಸಣ್ಣ ಸೂಜಿಯಿಂದ ಗಂಟಿನ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಟಿಬಿ ಎಂದೇ ಬಂದರೂ ಅದಕ್ಕೆ ಪೂರ್ತಿ ಗುಣವಾಗುವ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಮುಚ್ಚಿಡುವುದರಿಂದಲೇ ಹಾನಿ.

ನನ್ನ ಗಂಟುಗಳು ಆರನೇ ವಾರಕ್ಕೆ ಕೈಗೆ ಸಿಗದಷ್ಟು ಸಣ್ಣಗಾದವು. ದಾದಿಮಾ ಆಮೇಲೂ ಹದಿನೈದು ದಿನ ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದರು.

ಮುಜುಗರದ ಅಡ್ಡಹೆಸರು

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಮುಂದೆ ಇನ್ನೊಬ್ಬಳಿಗೆ ಇದೇ ಕಷ್ಟ ಬರುತ್ತದೆ ಎಂದು ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಈ ಜ್ವರಕ್ಕೆ 'ಮುತ್ತಿನ ಕಾಯಿಲೆ' ಎಂಬ ಅಡ್ಡಹೆಸರಿದೆ. ಮುತ್ತು ಎಂದರೆ ಹಾರದ ಮುತ್ತಲ್ಲ. ನನ್ನ ರಿಪೋರ್ಟಿನ ಹೆಸರನ್ನು ನಮ್ಮ ಬಳಗದವರೊಬ್ಬರು ಮೊಬೈಲಿನಲ್ಲಿ ಹುಡುಕಿದರು, ಮೊದಲು ಕಂಡದ್ದು ಅದೇ. ಆ ಸಂಜೆ ಅಮ್ಮಿ ನನ್ನ ಹತ್ತಿರ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಜ್ವರಕ್ಕಿಂತ ಹೆಚ್ಚು ನೋವಾಯಿತು.

ಮರುದಿನ ಡಾಕ್ಟರ್ ಮೇಡಂ ಅಮ್ಮಿಯನ್ನೇ ಕೂರಿಸಿಕೊಂಡು ಹೇಳಿದರು: "ಇದು ಜೊಲ್ಲಿನಿಂದ ಹರಡುತ್ತೆ, ಅಷ್ಟೇ. ಒಂದೇ ಲೋಟ, ಒಂದೇ ಬಾಟಲ್, ಒಂದೇ ಚಮಚ ಸಾಕು. ನಿಮಗೂ ಚಿಕ್ಕಂದಿನಲ್ಲಿ ನಿಮ್ಮ ತಾಯಿಯಿಂದಲೇ ಬಂದಿರಬಹುದು." ತಗುಲಿದ ಮೇಲೆ ಲಕ್ಷಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ನನ್ನ ಲೆಕ್ಕ ಹಿಂದೆ ಎಣಿಸಿದರೆ ಬಕ್ರೀದ್ ಕಳೆದ ದಿನಗಳಿಗೆ ಹೋಗುತ್ತದೆ. ಆ ದಿನಗಳಲ್ಲಿ ಎಷ್ಟು ಮನೆಗಳಲ್ಲಿ, ಎಷ್ಟು ಜನರ ಜೊತೆ ಒಂದೇ ತಟ್ಟೆಯಲ್ಲಿ ಉಂಡೆನೋ, ಕಾಲೇಜಿನಲ್ಲಿ ಥ್ರೋಬಾಲ್ ಆಡಿ ಎಷ್ಟು ಜನರ ಬಾಟಲಿಯಲ್ಲಿ ನೀರು ಕುಡಿದೆನೋ! ವೈರಸ್ ಇರುವ ಆರೋಗ್ಯವಂತರ ಜೊಲ್ಲಿನಲ್ಲೂ ಅದು ಆಗಾಗ ಇರುತ್ತದೆ. ಆದ್ದರಿಂದ ಯಾರಿಂದ ಬಂತು ಎಂದು ಹುಡುಕುವುದಕ್ಕೆ ಅರ್ಥವಿಲ್ಲ, ಯಾರ ನಡತೆಯ ಮೇಲೂ ಬೆರಳು ತೋರಿಸುವುದಕ್ಕೂ ಅರ್ಥವಿಲ್ಲ.

ಕನ್ನಡದಲ್ಲಿ ಇದಕ್ಕೆ ಎಷ್ಟು ಸರಿಯಾದ ಪದ ಇದೆ ನೋಡಿ: ಎಂಜಲು. ಉರ್ದುವಿನಲ್ಲಿ ಜೂಠಾ. ಗಾಂಧಿಬಜಾರಿನ ನನ್ನ ಗೆಳತಿಯ ಮನೆಯಲ್ಲಿ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಾರೆ. ನಾನು ಹಾಗೆ ಕುಡಿಯಲು ಹೋದರೆ ಅರ್ಧ ನೀರು ದುಪಟ್ಟಾ ಮೇಲೆ. ಆದರೂ ಒಂದೇ ಬಾಟಲ್ ಹತ್ತು ಜನರ ಕೈಗೆ ಹೋಗುವಾಗ ಅದು ಒಳ್ಳೆಯ ಪದ್ಧತಿ ಎಂದು ಈಗ ಒಪ್ಪುತ್ತೇನೆ. 'ಎಂಜಲು ಜ್ವರ' ಎಂದು ಕರೆದಿದ್ದರೆ ಯಾವ ತಾಯಿಯೂ ಮಗಳನ್ನು ಅನುಮಾನಿಸಬೇಕಾಗಿರಲಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಇಕ್ಕಟ್ಟಾದ ಪೇಟೆಯಿಂದ ಜನ ಹೊರಬಂದು ಬಸವನಗುಡಿ, ಮಲ್ಲೇಶ್ವರಂನಂತಹ ಅಗಲ ರಸ್ತೆಯ ಬಡಾವಣೆಗಳು ಬೆಳೆದವು ಎಂದು ಓದಿದ್ದೇವೆ. ಪ್ಲೇಗ್ ಇಲಿಯ ಮೈಮೇಲಿನ ಚಿಗಟದಿಂದ ಹರಡುವಂಥದ್ದು, ಮನೆ ಬದಲಿಸಿ ದೂರ ಹೋಗಬಹುದಿತ್ತು. ಈ ವೈರಸ್ ನಾವು ಪ್ರೀತಿಯಿಂದ ಹಂಚಿಕೊಳ್ಳುವ ಲೋಟದಲ್ಲೇ ಬರುತ್ತದೆ. ಅಂದಮೇಲೆ ಮನುಷ್ಯರಿಂದ ದೂರ ಓಡಬೇಕಾಗಿಲ್ಲ, ಲೋಟ ಬೇರೆ ಇಟ್ಟರೆ ಸಾಕು.

ಔಷಧಿ ಏನು?

ಇದಕ್ಕೆಂದೇ ಔಷಧಿ ಇಲ್ಲ, ಲಸಿಕೆಯೂ ಇನ್ನೂ ಇಲ್ಲ. ಜ್ವರಕ್ಕೆ, ನೋವಿಗೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ಲಿವರ್ ದಣಿದಿರುವುದರಿಂದ ಅದನ್ನು ಮೀರಬಾರದು, ಯಾರೋ ಹೇಳಿದ ಕಷಾಯ, ಪುಡಿಗಳನ್ನೂ ಡಾಕ್ಟರಿಗೆ ಹೇಳದೆ ತೆಗೆದುಕೊಳ್ಳಬಾರದು. ನಮ್ಮ ವಯಸ್ಸಿನವರಿಗೆ ವೈರಸ್ ಜ್ವರದಲ್ಲಿ ಆಸ್ಪಿರಿನ್ ಬೇಡ. ಗಂಟಲಿಗೆ ಬಿಸಿನೀರು, ಉಪ್ಪು ಹಾಕಿ ಮುಕ್ಕಳಿಸುವುದು. ತಣ್ಣನೆಯ ಮೊಸರನ್ನ, ಗಂಜಿ, ಸಾಗೊ ಖೀರು ಮಾತ್ರ ನನಗೆ ಇಳಿಯುತ್ತಿದ್ದವು. ನೀರು ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ರಂಜಾನ್ ತಿಂಗಳಲ್ಲಿ ಈ ಜ್ವರ ಬಂದರೆ ರೋಜಾ ಹಿಡಿಯಲೇಬೇಕೆಂಬ ಹಟ ಬೇಡ. ಕಾಯಿಲೆಯವರಿಗೆ ವಿನಾಯಿತಿ ಇದೆ, ಗುಣವಾದ ಮೇಲೆ ಖಜಾ ಮಾಡಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಗುಲ್ಮ. ಎಡಗಡೆ ಪಕ್ಕೆಲುಬಿನ ಕೆಳಗಿರುವ ಈ ಅಂಗ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಊದುತ್ತದೆ. ಆಗ ಹೊಟ್ಟೆಗೆ ಪೆಟ್ಟು ಬಿದ್ದರೆ ಒಡೆದು ಒಳಗೇ ರಕ್ತ ಸುರಿಯಬಹುದು. ಹೀಗಾಗುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ, ಆದರೆ ಆದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಕಾಯಿಲೆ ಶುರುವಾದ ಮೇಲೆ ಕನಿಷ್ಠ ಮೂರು ನಾಲ್ಕು ವಾರ ಕಬಡ್ಡಿ, ಫುಟ್‌ಬಾಲ್, ಕ್ರಿಕೆಟ್, ಭಾರ ಎತ್ತುವುದು ಯಾವುದೂ ಬೇಡ. ಡಾಕ್ಟರ್ ಸರಿ ಎಂದ ಮೇಲೆಯೇ ಮೈದಾನ.

ಈ ಲಕ್ಷಣ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು: ಎಡ ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಎಡ ಭುಜದಲ್ಲಿ ಇದ್ದಕ್ಕಿದ್ದಂತೆ ನೋವು, ತಲೆಸುತ್ತಿ ಬೀಳುವುದು, ಉಸಿರಾಡಲು ಕಷ್ಟ, ನೀರನ್ನೂ ನುಂಗಲಾಗದಿರುವುದು, ಕಣ್ಣು ಹಳದಿಯಾಗುವುದು.

ಜ್ವರ ಬಿಟ್ಟ ಮೇಲೆ

ನನ್ನ ಜ್ವರ 12ನೇ ದಿನ ಬಿಟ್ಟಿತು. ಮನೆಯವರೆಲ್ಲ ಮುಗಿಯಿತು ಅಂದುಕೊಂಡರು. ಅಬ್ಬಾ, "ಸೋಮವಾರದಿಂದ ಕಾಲೇಜಿಗೆ ಹೋಗು ಮಗಳೇ" ಎಂದರು. ಆದರೆ ಸ್ನಾನ ಮಾಡಿ ಬಂದರೆ ಒಂದು ಗಂಟೆ ಮಲಗಬೇಕಾಗುತ್ತಿತ್ತು. ಅಕೌಂಟೆನ್ಸಿಯ ಒಂದು ಲೆಕ್ಕ ಅರ್ಧಕ್ಕೆ ಬರುವಷ್ಟರಲ್ಲಿ ಮೊದಲು ಬರೆದ ಅಂಕಿ ನೆನಪಿರುತ್ತಿರಲಿಲ್ಲ. ನೋಡುವವರಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಊಟ ಮಾಡುತ್ತಾಳೆ, ಮಲಗುತ್ತಾಳೆ. "ಓದುವುದಕ್ಕೆ ಸೋಮಾರಿತನ" ಎಂದು ಬಂದವರೊಬ್ಬರು ನನ್ನ ಮುಂದೆಯೇ ಹೇಳಿದರು.

ಸಾಮಾನ್ಯವಾಗಿ ಜ್ವರ, ಗಂಟಲು ಎರಡರಿಂದ ನಾಲ್ಕು ವಾರದಲ್ಲಿ ಸರಿಹೋಗುತ್ತವೆ, ಆಯಾಸ ಇನ್ನೂ ಕೆಲವು ವಾರ ಇರುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಸುತ್ತ ಗ್ರಂಥಿ ಜ್ವರ ಮತ್ತು ಇನ್ನೆರಡು ಸೋಂಕು ಬಂದ 253 ಜನರನ್ನು ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆರು ತಿಂಗಳಾದರೂ 29 ಜನರಿಗೆ, ಅಂದರೆ ಸುಮಾರು ನೂರಕ್ಕೆ 12ರಷ್ಟು ಜನರಿಗೆ, ದೀರ್ಘ ಆಯಾಸ ಉಳಿದಿತ್ತು. ಯಾರಿಗೆ ಉಳಿಯುತ್ತದೆ ಎಂಬುದು ಅವರ ಸ್ವಭಾವವನ್ನಾಗಲೀ ಮನಸ್ಸಿನ ಸ್ಥಿತಿಯನ್ನಾಗಲೀ ಅವಲಂಬಿಸಿರಲಿಲ್ಲ. ಮೊದಲ ದಿನಗಳ ಕಾಯಿಲೆ ಎಷ್ಟು ಜೋರಾಗಿತ್ತು ಎಂಬುದನ್ನು ಮುಖ್ಯವಾಗಿ ಅವಲಂಬಿಸಿತ್ತು. ಸೋಮಾರಿ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಗಲಿಲ್ಲ.

ಆಟಗಾರರಿಗೂ ಇದು ಬಿಟ್ಟಿಲ್ಲ. ಟೆನಿಸ್‌ನ ರೋಜರ್ ಫೆಡರರ್‌ಗೆ 2008ರ ಆರಂಭದಲ್ಲಿ ಇದು ಬಂದಿತ್ತು, ಅದೇ ವರ್ಷ ಅವರು ಯುಎಸ್ ಓಪನ್ ಗೆದ್ದರು. ಸ್ವೀಡನ್ನಿನ ರಾಬಿನ್ ಸೋಡರ್ಲಿಂಗ್‌ಗೆ 2011ರಲ್ಲಿ ಬಂತು, ಅವರು ಮತ್ತೆ ದೊಡ್ಡ ಟೂರ್ನಿಗಳಿಗೆ ಮರಳಲೇ ಇಲ್ಲ, 2015ರಲ್ಲಿ ನಿವೃತ್ತಿ ಘೋಷಿಸಿದರು. ಒಂದೇ ಕಾಯಿಲೆ, ಒಬ್ಬೊಬ್ಬರಿಗೆ ಒಂದೊಂದು ರೀತಿ.

ನನಗೆ ಉಪಯೋಗವಾದದ್ದು ಒಂದು ಕ್ಯಾಶ್ ಬುಕ್. ಎಡಗಡೆ ಜಮೆ: ರಾತ್ರಿ ನಿದ್ದೆ, ಊಟ, ಮಧ್ಯಾಹ್ನದ ವಿಶ್ರಾಂತಿ. ಬಲಗಡೆ ಖರ್ಚು: ಸ್ನಾನ, ಮಹಡಿ ಹತ್ತಿದ್ದು, ಅರ್ಧ ಗಂಟೆ ಓದು, ಬಂದವರ ಜೊತೆ ಮಾತು. ಎರಡು ವಾರ ಬರೆದ ಮೇಲೆ ಗೊತ್ತಾಯಿತು: ಚೆನ್ನಾಗಿದೆ ಎನ್ನಿಸಿದ ದಿನ ಇದ್ದದ್ದನ್ನೆಲ್ಲ ಖರ್ಚು ಮಾಡಿದರೆ ಮುಂದಿನ ಎರಡು ದಿನ ಹಾಸಿಗೆಯಲ್ಲಿ. ಹಾಗೆಂದು ಪೂರ್ತಿ ಮಲಗಿದರೂ ಕೈಕಾಲು ಸೋಲುತ್ತವೆ. ಡಾಕ್ಟರ್ ಹೇಳಿದ್ದು ನಡುವಿನ ದಾರಿ: ಮಲಗುವ, ಏಳುವ ಹೊತ್ತು ಒಂದೇ ಇರಲಿ, ದಿನಕ್ಕೆ ಹತ್ತು ನಿಮಿಷ ನಡೆ, ಮರುದಿನ ಸುಸ್ತು ಹೆಚ್ಚಾಗದಿದ್ದರೆ ಮಾತ್ರ ಸ್ವಲ್ಪ ಸೇರಿಸು. ಮನೆಯಿಂದ ಮಕ್ಕಳ ಕೂಟದವರೆಗೆ ನಿಲ್ಲದೆ ನಡೆಯಲು ನನಗೆ ಏಳು ವಾರ ಬೇಕಾಯಿತು.

ಹಾಜರಿಯ ಲೆಕ್ಕ

ನಮಗೆಲ್ಲ ನೂರಕ್ಕೆ 75 ಹಾಜರಿ ಬೇಕು. ಆಗಸ್ಟ್ ಕೊನೆಗೆ ನಡೆದ ತರಗತಿಗಳು 68 ದಿನ, ನಾನು ಬಂದದ್ದು 41 ದಿನ, ಅಂದರೆ ನೂರಕ್ಕೆ 60. ಅಲ್ಲಿಂದ ಒಂದು ದಿನವೂ ತಪ್ಪದೆ 40 ದಿನ ಬಂದರೆ 108ಕ್ಕೆ 81, ಸರಿಯಾಗಿ 75. ಲೆಕ್ಕ ಸುಲಭ, ಬರುವುದು ಕಷ್ಟ. ಆಯಾಸ ಪೂರ್ತಿ ಹೋಗುವ ಮೊದಲೇ ದಿನ ತಪ್ಪದೆ ಬರಬೇಕು, ಬಂದರೆ ಆಯಾಸ ಹೆಚ್ಚುತ್ತದೆ. ಡಾಕ್ಟರ್ ಪತ್ರವನ್ನು ಕಾಯಿಲೆಯಲ್ಲಿದ್ದಾಗಲೇ ಅಬ್ಬಾ ಕಾಲೇಜಿಗೆ ತಂದು ಕೊಟ್ಟಿದ್ದರಿಂದ ಪ್ರಿನ್ಸಿಪಾಲ್ ಸರ್ ಊಟದ ನಂತರ ಲೈಬ್ರರಿಯಲ್ಲಿ ಅರ್ಧ ಗಂಟೆ ತಲೆ ಇಟ್ಟು ಮಲಗಲು ಅನುಮತಿ ಕೊಟ್ಟರು. ಸ್ಟ್ಯಾಟಿಸ್ಟಿಕ್ಸ್ ಮೇಡಂ ನೆಲಮಹಡಿಯಲ್ಲೇ ಕಿರುಪರೀಕ್ಷೆ ಬರೆಸಿದರು. ಚಿಕ್ಕ ಸಹಾಯಗಳು, ಆದರೆ ನಾನು ವರ್ಷ ಕಳೆದುಕೊಳ್ಳದೆ ಇರುವುದು ಅವುಗಳಿಂದ.

ನಾವೇನು ಮಾಡಬಹುದು?

ವಿದ್ಯಾರ್ಥಿಗಳಿಗೆ: ನಿಮ್ಮ ನಿಮ್ಮ ಬಾಟಲ್ ತನ್ನಿ. ಹಂಚಿಕೊಳ್ಳಲೇಬೇಕಾದರೆ ಎತ್ತಿ ಕುಡಿಯಿರಿ. ಗಂಟಲು ನೋವು, ಜ್ವರ ವಾರ ದಾಟಿದರೆ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ನುಂಗಬೇಡಿ, ರಕ್ತಪರೀಕ್ಷೆ ಮಾಡಿಸಿ. ಗೆಳತಿಗೆ ಈ ಜ್ವರ ಬಂದರೆ ಹೆದರಿ ದೂರ ಕೂರಬೇಡಿ, ಪಕ್ಕದಲ್ಲಿ ಕೂತರೆ ಇದು ಅಂಟುವುದಿಲ್ಲ. ನೋಟ್ಸ್ ಕಳಿಸಿ, ಉತ್ತರ ತಕ್ಷಣ ಬರದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಅಧ್ಯಾಪಕರಿಗೆ: ಕಾಯಿಲೆಯಿಂದ ಎದ್ದು ಬಂದವರು ನೋಡಲು ಚೆನ್ನಾಗಿ ಕಂಡರೂ ಒಳಗೆ ಶಕ್ತಿ ಅರ್ಧವೇ ಇರಬಹುದು. ಮಹಡಿ, ಆಟದ ಪಿರಿಯಡ್, ಸತತ ಎರಡು ಟೆಸ್ಟ್ ಇವುಗಳಲ್ಲಿ ಕೆಲವು ವಾರ ಸ್ವಲ್ಪ ರಿಯಾಯಿತಿ ಕೊಡಿ.

ವೈರಸ್ ಒಮ್ಮೆ ಬಂದರೆ ಜೀವನಪೂರ್ತಿ ದೇಹದಲ್ಲಿ ನಿದ್ದೆ ಮಾಡುತ್ತಿರುತ್ತದೆ. ಬಹಳ ಅಪರೂಪಕ್ಕೆ ಮುಂದೆ ಕೆಲವು ಗಂಭೀರ ಕಾಯಿಲೆಗಳ ಜೊತೆ ಇದರ ನಂಟಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ, ಆದರೆ ಕೋಟ್ಯಂತರ ಜನರಿಗೆ ಅದು ಏನೂ ಮಾಡದೆ ಸುಮ್ಮನಿರುತ್ತದೆ. ಗ್ರಂಥಿ ಜ್ವರ ಒಬ್ಬರಿಗೇ ಮತ್ತೆ ಬರುವುದು ಅಪರೂಪ.

ನನ್ನ 40 ದಿನಗಳಲ್ಲಿ ಇದನ್ನು ಬರೆಯುವ ಹೊತ್ತಿಗೆ 33 ಮುಗಿದಿವೆ. ಥ್ರೋಬಾಲ್ ಇನ್ನೂ ಶುರು ಮಾಡಿಲ್ಲ, ಸ್ಕೋರ್ ಬರೆಯಲು ಮೈದಾನದಲ್ಲಿ ಕೂರುತ್ತೇನೆ. ಯಾರಿಗಾದರೂ ಇದರ ಬಗ್ಗೆ ಕೇಳಬೇಕೆನಿಸಿದರೆ ಊಟದ ಬಿಡುವಿನಲ್ಲಿ ಲೈಬ್ರರಿಗೆ ಬನ್ನಿ. ಮೊದಲ ಅರ್ಧ ಗಂಟೆ ಮಾತ್ರ ಎಬ್ಬಿಸಬೇಡಿ.